ಸೈಂಟಿಫಿಕ್ ಕ್ಯಾಲ್ಕುಲೇಟರ್: ನಾನು ಆರಿಸಿದ ಮತ್ತು ಬಳಸಿದ ಬಗೆ

ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು, ಕ್ಯಾಲ್ಕುಲೇಟರ್ ಆರಿಸುವ ಮುನ್ನ ಪರೀಕ್ಷೆಯ ನಿಯಮಾವಳಿಯನ್ನು ಓದಿಕೊಳ್ಳುವ ಕ್ರಮವನ್ನು ಬಿಟ್ಟಿಲ್ಲ. ಕೆಲವು ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರ್‌ಗೇ ಅವಕಾಶವಿರುವುದಿಲ್ಲ. ಅವಕಾಶವಿರುವ ಕಡೆಯೂ ಪ್ರೋಗ್ರಾಮ್ ಬರೆಯಬಲ್ಲ, ನಕ್ಷೆ ಬಿಡಿಸಬಲ್ಲ ಮಾದರಿಗಳನ್ನು ಅನೇಕ ಬಾರಿ ನಿಷೇಧಿಸಿರುತ್ತಾರೆ.

ನಿಯಮದೊಳಗೆ ಬರುವ ಮಾದರಿಗಳಲ್ಲಿ ನಾನು ಪರದೆಗೆ ಹೆಚ್ಚು ಬೆಲೆ ಕೊಡುತ್ತೇನೆ. ಭಿನ್ನರಾಶಿ, ವರ್ಗಮೂಲ, ಘಾತಾಂಕಗಳನ್ನು ಪಠ್ಯಪುಸ್ತಕದಲ್ಲಿರುವಂತೆಯೇ ತೋರಿಸುವ ಪರದೆಯಿದ್ದರೆ ವಿದ್ಯಾರ್ಥಿಯು ತಾನು ಒತ್ತಿದ್ದನ್ನು ಪ್ರಶ್ನೆಪತ್ರಿಕೆಯೊಂದಿಗೆ ನೇರವಾಗಿ ಹೋಲಿಸಿ ನೋಡಬಹುದು. ಇಡೀ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆಯುವ ಹಳೆಯ ಮಾದರಿಗಳಲ್ಲಿ ಛೇದಕ್ಕೆ ಆವರಣ ಹಾಕಲು ಮರೆತರೆ ಉತ್ತರವೇ ಬದಲಾಗುತ್ತದೆ. ನೂರಾರು ಕಾರ್ಯಗಳಿವೆ ಎಂಬ ಪ್ರಚಾರಕ್ಕೆ ನಾನು ಗಮನ ಕೊಟ್ಟಿಲ್ಲ, ಏಕೆಂದರೆ ಶಾಲಾ ಗಣಿತಕ್ಕೆ ಅವುಗಳಲ್ಲಿ ಸಣ್ಣದೊಂದು ಭಾಗ ಸಾಕು.

ಹೊಸ ಯಂತ್ರ ಕೈಗೆ ಬಂದ ಕೂಡಲೇ ಮೂರು ಲೆಕ್ಕ ಮಾಡಿ ಅದರ ಸ್ವಭಾವ ತಿಳಿದುಕೊಳ್ಳುತ್ತೇನೆ. ಮೊದಲನೆಯದು ಸೈನ್ 30. ಉತ್ತರ 0.5 ಬಂದರೆ ಯಂತ್ರ ಡಿಗ್ರಿಯಲ್ಲಿದೆ, −0.988 ಬಂದರೆ ರೇಡಿಯನ್‌ನಲ್ಲಿದೆ, 0.454 ಬಂದರೆ ಗ್ರೇಡಿಯನ್‌ನಲ್ಲಿದೆ (ಲಂಬಕೋನವನ್ನು 100 ಭಾಗ ಮಾಡುವ ಕೋನಮಾನ). ಎರಡನೆಯದು −3². ಹೆಚ್ಚಿನ ಯಂತ್ರಗಳು ಮೊದಲು ವರ್ಗ ಮಾಡಿ −9 ಎನ್ನುತ್ತವೆ, ಅದು ಸರಿಯೂ ಹೌದು. ಆದ್ದರಿಂದ ಸಮೀಕರಣದಲ್ಲಿ ಋಣ ಬೆಲೆಯನ್ನು ಹಾಕುವಾಗ (−3)² ಎಂದು ಆವರಣ ಕಡ್ಡಾಯ, ಆಗಲೇ 9 ಬರುವುದು. ಮೂರನೆಯದು 6÷2(1+2). ಕೆಲವು ಮಾದರಿಗಳು 2(1+2) ಅನ್ನು ಮೊದಲು ಗುಣಿಸಿ 1 ಎಂದರೆ, ಇನ್ನು ಕೆಲವು ಎಡದಿಂದ ಬಲಕ್ಕೆ ಸಾಗಿ 9 ಎನ್ನುತ್ತವೆ. ಪರೀಕ್ಷೆಗೆ ಬೇರೆಯವರ ಕ್ಯಾಲ್ಕುಲೇಟರ್ ಎರವಲು ತರಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಬಳಕೆಯಲ್ಲಿ ನಾನು ಅತಿ ಹೆಚ್ಚು ಸಮಯ ಕೊಟ್ಟು ಕಲಿಸುವುದು ಮೆಮೊರಿಯನ್ನು. ತ್ರಿಭುಜವೊಂದರ ಎರಡು ಬಾಹುಗಳು 7 ಮತ್ತು 9, ಅವುಗಳ ನಡುವಿನ ಕೋನ 40 ಡಿಗ್ರಿ ಎಂದಿರಲಿ. ಕೊಸೈನ್ ನಿಯಮದಿಂದ ಮೂರನೆಯ ಬಾಹು 5.78605… ಎಂದು ಬರುತ್ತದೆ. ಇದನ್ನು 5.8 ಎಂದು ಬರೆದುಕೊಂಡು, ಅದೇ ಸಂಖ್ಯೆಯನ್ನು ಸೈನ್ ನಿಯಮಕ್ಕೆ ಹಾಕಿದರೆ 7ರ ಎದುರಿನ ಕೋನ 50.9 ಡಿಗ್ರಿ ಸಿಗುತ್ತದೆ. ಪೂರ್ಣ ಬೆಲೆಯನ್ನು ಎ ಎಂಬ ಅಕ್ಷರದಲ್ಲಿ ಉಳಿಸಿ ಮುಂದುವರಿದರೆ 51.0 ಡಿಗ್ರಿ. ಒಂದು ದಶಮಾಂಶ ಸ್ಥಾನಕ್ಕೆ ಉತ್ತರ ಕೇಳಿದಾಗ ಮೊದಲನೆಯದು ತಪ್ಪು. ಆದ್ದರಿಂದ ನಡುವಿನ ಬೆಲೆಗಳನ್ನು ಕಾಗದದ ಮೇಲೆ ನಾಲ್ಕೈದು ಅಂಕಿಗಳಲ್ಲಿ ಬರೆದರೂ, ಮುಂದಿನ ಹಂತಕ್ಕೆ ಮೆಮೊರಿಯಿಂದಲೋ ಹಿಂದಿನ ಉತ್ತರವನ್ನು ಮರಳಿ ಕೊಡುವ 'ಆನ್ಸ್' ಕೀಲಿಯಿಂದಲೋ ತೆಗೆದುಕೊಳ್ಳಬೇಕು.

ಹತ್ತರ ಘಾತಗಳಿಗೆ ಪ್ರತ್ಯೇಕ ಕೀಲಿಯೇ (×10ˣ ಅಥವಾ EXP) ಇದೆ. 3ನ್ನು 2×10⁴ರಿಂದ ಭಾಗಿಸುವಾಗ ಗುಣಾಕಾರದ ಚಿಹ್ನೆಯನ್ನು ಬಳಸಿ 3÷2×10⁴ ಎಂದು ಒತ್ತಿದರೆ 15000 ಬರುತ್ತದೆ. ಈ ಕೀಲಿಯನ್ನು ಬಳಸಿದರೆ ಸರಿಯಾದ 0.00015 ಬರುತ್ತದೆ. ಭೌತಶಾಸ್ತ್ರದಲ್ಲಿಯೂ ಇದು ಅಷ್ಟೇ ಉಪಯುಕ್ತ.

ಪರೀಕ್ಷೆಯ ಕೋಣೆಯಲ್ಲಿ ಮೆಮೊರಿ ಅಳಿಸಲು ಹೇಳಿ ಯಂತ್ರವನ್ನು ರೀಸೆಟ್ ಮಾಡಿಸಿದರೆ, ನಾವು ಆರಿಸಿಟ್ಟ ಕೋನಮಾನವೂ ದಶಮಾಂಶದ ಸ್ಥಾನಗಳೂ ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ಹೀಗಾಗಿ ರೀಸೆಟ್ ಆದ ಮೇಲೆ ಸೈನ್ 30 ಅನ್ನು ಮತ್ತೊಮ್ಮೆ ಒತ್ತಿ ನೋಡುವಂತೆ ಹೇಳಿಕೊಡುತ್ತೇನೆ. ಇನ್ನು, ಪ್ರತಿ ಲೆಕ್ಕಕ್ಕೂ ಕೀಲಿ ಒತ್ತುವ ಮೊದಲೇ ಉತ್ತರವನ್ನು ಸ್ಥೂಲವಾಗಿ ಅಂದಾಜು ಮಾಡಿ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯಿಸುತ್ತೇನೆ. 19.7×5.1 ಎಂಬಲ್ಲಿ ಅಂಚಿನಲ್ಲಿ 100 ಎಂದಿದ್ದು ಪರದೆ 1004.7 ತೋರಿಸಿದರೆ, ದಶಮಾಂಶ ಬಿಂದುವೊಂದು ಒತ್ತದೆ ಉಳಿದಿದೆ ಎಂಬುದು ವಿದ್ಯಾರ್ಥಿಗೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ.