ಕೆತ್ತನೆಯ ಬಾಗಿಲಿಗೆ ಪಕ್ಕದ ಬೆಳಕು: ಜಾಂಜಿಬಾರ್ ಓಣಿಗಳಲ್ಲಿ ಫೋಟೊ ತೆಗೆಯುವುದು ಹೇಗೆ?

ವಿದೇಶಕ್ಕೆ ಹೋಗಿ ಬಂದವರ ಮೊಬೈಲಿನಲ್ಲಿ ಹಳೇ ಬಾಗಿಲಿನ ಫೋಟೊ ಒಂದಾದರೂ ಇದ್ದೇ ಇರುತ್ತದೆ. ಲಿಸ್ಬನ್, ಡಬ್ಲಿನ್, ಪ್ಯಾರಿಸ್, ಎಲ್ಲಿಗೆ ಹೋದರೂ ಬಾಗಿಲುಗಳು, ಅಂಗಡಿಗಳ ಮುಂಗಟ್ಟುಗಳು ನಮ್ಮನ್ನು ನಿಲ್ಲಿಸಿಬಿಡುತ್ತವೆ. ಊರಿಗೆ ಬಂದು ತೆರೆದು ನೋಡಿದರೆ ಮಾತ್ರ ಅಲ್ಲಿ ಕಂಡ ಬಾಗಿಲು ಇಲ್ಲಿರುವುದಿಲ್ಲ. ಕೆತ್ತನೆ ಚಪ್ಪಟೆಯಾಗಿರುತ್ತದೆ, ಚೌಕಟ್ಟು ವಾಲಿರುತ್ತದೆ, ಮರ ಬರೀ ಕಪ್ಪಗೆ ಕಾಣುತ್ತದೆ. ದುಬಾರಿ ಕ್ಯಾಮೆರಾ ತಂದರೂ ಇದು ಸರಿಹೋಗುವುದಿಲ್ಲ. ಯಾವ ಹೊತ್ತಿಗೆ ಹೋದಿರಿ, ಎಲ್ಲಿ ನಿಂತಿರಿ, ಯಾರನ್ನು ಕೇಳಿ ತೆಗೆದಿರಿ ಅನ್ನುವುದೇ ಮುಖ್ಯ.

ಈ ಮೂರನ್ನೂ ಒಂದೇ ಕಡೆ ಕಲಿಯಬೇಕೆಂದರೆ ನಾನು ಹೇಳುವ ಊರು ಜಾಂಜಿಬಾರ್‌ನ ಸ್ಟೋನ್ ಟೌನ್. ಪೂರ್ವ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ದ್ವೀಪದ ಹಳೇ ಪಟ್ಟಣ ಇದು. 2000ನೇ ಇಸವಿಯಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣ ಎಂದು ಗುರುತಿಸಿತು. ಓಣಿ ಓಣಿಯಲ್ಲೂ ಕೆತ್ತನೆಯ ಬಾಗಿಲುಗಳಿವೆ. ಊರು ಚಿಕ್ಕದು, ನಡೆದೇ ಸುತ್ತಬಹುದು. ಮೊಬೈಲ್ ಇದ್ದರೆ ಧಾರಾಳವಾಯಿತು. ಇಲ್ಲಿ ಹೇಳುವ ವಿಧಾನ ಬೇರೆ ಊರುಗಳ ಬಾಗಿಲಿಗೂ ಒಪ್ಪುತ್ತದೆ.

ಮೊದಲು ಬಾಗಿಲನ್ನು ಓದಿಕೊಳ್ಳಿ

ಮೊದಲ ದಿನ ಫೋಟೊ ತೆಗೆಯುವ ಅವಸರ ಬೇಡ. ಸುಮ್ನೆ ಓಡಾಡಿ. ಸ್ಟೋನ್ ಟೌನ್‌ನಲ್ಲಿ ಒಂದೇ ಬಗೆಯ ಬಾಗಿಲಿಲ್ಲ. ಮೇಲಿನ ಪಟ್ಟಿ ನೇರವಾಗಿದ್ದು, ಅದರಲ್ಲಿ ಅರಬ್ಬಿ ಅಕ್ಷರಗಳನ್ನು ಕೊರೆದಿದ್ದರೆ ಅದು ಅರಬ್ ಶೈಲಿಯದು. ಬಹಳಷ್ಟು ಕಡೆ ಅಲ್ಲಿರುವುದು ಕುರ್‌ಆನ್‌ನ ಸಾಲು. ಕೆಲವು ಕಡೆ ಹಿಜರಿ ಇಸವಿಯೂ ಇರುತ್ತದೆ. ತಲೆ ಕಮಾನಿನಂತೆ ದುಂಡಗಿದ್ದು, ಹೂಬಳ್ಳಿ ತುಂಬಿದ್ದರೆ ಅದರಲ್ಲಿ ಭಾರತದ ಕೈಗುಣ ಜಾಸ್ತಿ. ಚೌಕ ಚೌಕವಾಗಿ ಹಲಗೆ ಜೋಡಿಸಿ, ಚೂಪಾದ ಹಿತ್ತಾಳೆ ಮೊಳೆಗಳನ್ನು ಸಾಲಾಗಿ ಹೊಡೆದಿದ್ದರೆ ಅದು ಗುಜರಾತಿ ಬಾಗಿಲು. ಕಚ್, ಕಾಠಿಯಾವಾಡದ ಕಡೆಯಿಂದ ವ್ಯಾಪಾರಕ್ಕೆ ಹೋದವರು ಅಲ್ಲಿ ನೆಲೆ ನಿಂತರು. ಅವರ ಜೊತೆ ಅವರ ಬಾಗಿಲೂ ಹೋಯಿತು. ಭಾರತದಲ್ಲಿ ಇಂಥ ಮೊಳೆ ಹೊಡೆದದ್ದು ಆನೆ ನುಗ್ಗದಿರಲಿ ಎಂದು, ಅಂತ ಗೈಡ್‌ಗಳು ಹೇಳುತ್ತಾರೆ. ಜಾಂಜಿಬಾರ್‌ನಲ್ಲಿ ಅದು ಸಿರಿವಂತಿಕೆ ತೋರಿಸುವ ಅಲಂಕಾರ ಅಷ್ಟೆ.

ಎರಡು ಕದಗಳ ನಡುವೆ ಒಂದು ಕಂಬ ಇರುತ್ತದೆ. ಕೆತ್ತನೆ ತುಂಬ ದಟ್ಟವಾಗಿರುವುದು ಅದರ ಮೇಲೆ. ಚೌಕಟ್ಟಿನ ಬುಡಕ್ಕೆ ಬಗ್ಗಿ ನೋಡಿ, ಮೀನು ಇರಬಹುದು. ಅಲ್ಲಿಂದ ಅಲೆಯಂಥ ಗೆರೆ, ತಾವರೆ, ಖರ್ಜೂರದ ಮರ ಮೇಲಕ್ಕೆ ಹತ್ತುತ್ತವೆ. ಹೊರ ಅಂಚಿನಲ್ಲಿ ಸರಪಳಿಯ ಕೊರೆತ ಸುತ್ತುವರಿಯುತ್ತದೆ. ಮರ ತೇಗ, ಇಲ್ಲವೇ ಹಲಸು. ಮಲೆನಾಡಿನವರಿಗೆ ಮುಟ್ಟಿದರೇ ಗೊತ್ತಾಗುತ್ತದೆ!

ಅಲ್ಲಿ ಮೊದಲು ಬಾಗಿಲ ಚೌಕಟ್ಟು ನಿಲ್ಲಿಸಿ, ಆಮೇಲೆ ಅದರ ಸುತ್ತ ಮನೆ ಕಟ್ಟುತ್ತಿದ್ದರಂತೆ. ನಮ್ಮಲ್ಲೂ ಮನೆ ಕಟ್ಟುವಾಗ ತಲೆಬಾಗಿಲು ನಿಲ್ಲಿಸುವ ದಿನ ಪೂಜೆ ಮಾಡುತ್ತೇವಲ್ಲ, ಅದೇ ಗೌರವ. ಹಾಗೆಂದು ಈ ಬಾಗಿಲುಗಳ ಹಿಂದಿನ ದುಡ್ಡೆಲ್ಲ ಒಳ್ಳೆಯ ದಾರಿಯಲ್ಲಿ ಬಂದದ್ದಲ್ಲ. ಲವಂಗ, ಆನೆದಂತದ ಜೊತೆಗೆ ಮನುಷ್ಯರನ್ನೂ ಮಾರಿದ ಊರು ಇದು. ಅಲ್ಲಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಆ ಜಾಗದಲ್ಲಿ ಈಗ ಆಂಗ್ಲಿಕನ್ ಚರ್ಚ್ ಇದೆ. ಶಂಗಾನಿ ಕಡೆ ಇರುವ ಟಿಪ್ಪು ಟಿಪ್ ಮನೆಯ ಬಾಗಿಲು ಬಹಳ ಚೆಂದ. ಆ ಮನೆಯಲ್ಲಿದ್ದ ಟಿಪ್ಪು ಟಿಪ್ ಗುಲಾಮರ ವ್ಯಾಪಾರಿ. ಫೋಟೊ ತೆಗೆಯುವವರಿಗೆ ಇದು ಗೊತ್ತಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಕೆನ್ಯಾಟಾ ರಸ್ತೆಯ ಕ್ಯಾಪಿಟಲ್ ಆರ್ಟ್ ಸ್ಟುಡಿಯೊಗೆ ಒಮ್ಮೆ ಹೋಗಿಬನ್ನಿ. 1930ರಲ್ಲಿ ಶುರುವಾದ ಸ್ಟುಡಿಯೊ ಅದು. ಹಳೇ ಜಾಂಜಿಬಾರ್‌ನ ಕಪ್ಪು-ಬಿಳುಪು ಚಿತ್ರಗಳಿವೆ. ಬಣ್ಣದ ಹಂಗಿಲ್ಲದೆ ಬರೀ ನೆರಳು-ಬೆಳಕಿನಲ್ಲಿ ಊರು ಹೇಗೆ ಕಾಣುತ್ತದೆ ಎಂದು ನೋಡಿಕೊಂಡರೆ ಮುಂದಿನ ಕೆಲಸ ಸುಲಭ.

ಹೊತ್ತು ಗೊತ್ತು ಮಾಡಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೆತ್ತನೆ ಕಾಣಬೇಕೆಂದರೆ ಬೆಳಕು ಬಾಗಿಲನ್ನು ಸವರಿಕೊಂಡು ಹೋಗಬೇಕು. ಎದುರಿನಿಂದ ಬಿದ್ದ ಬೆಳಕು ತಗ್ಗು-ಉಬ್ಬು ಎರಡನ್ನೂ ಒಂದೇ ಸಮ ಬೆಳಗಿಸುತ್ತದೆ. ಆಗ ಅರ್ಧ ಇಂಚು ಆಳದ ಕೊರೆತವೂ ಬಣ್ಣ ಬಳಿದ ಹಾಗೆ ಕಾಣುತ್ತದೆ. ಪಕ್ಕದಿಂದ ಬಂದ ಬೆಳಕು ಪ್ರತಿ ಎಸಳಿಗೂ ಒಂದು ನೆರಳು ಕೊಡುತ್ತದೆ. ಮೊಬೈಲಿನ ಫ್ಲ್ಯಾಶ್ ಎದುರಿನ ಬೆಳಕೇ ಆದ್ದರಿಂದ ಅದನ್ನು ಆಫ್ ಮಾಡಿಡಿ.

ಬೆಳಿಗ್ಗೆ, ಸಂಜೆ ಫೋಟೊ ತೆಗೆಯಿರಿ, ಮಧ್ಯಾಹ್ನ ಬೇಡ ಎಂದು ಎಲ್ಲರೂ ಹೇಳುತ್ತಾರೆ. ಸ್ಟೋನ್ ಟೌನ್‌ನ ಓಣಿಯಲ್ಲಿ ಈ ಮಾತು ಪೂರ್ತಿ ನಿಜವಲ್ಲ. ಓಣಿಗಳು ಕಿರಿದು, ಮನೆಗಳು ಎತ್ತರ. ಬೆಳಗಿನ ಓರೆ ಬಿಸಿಲು ಮೇಲಿನ ಬಾಲ್ಕನಿಗೆ ಮುಗಿದುಹೋಗುತ್ತದೆ, ಬಾಗಿಲಿನವರೆಗೆ ಇಳಿಯುವುದೇ ಇಲ್ಲ. ಊರು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಬರೀ 6 ಡಿಗ್ರಿ ದೂರದಲ್ಲಿದೆ. ಹಾಗಾಗಿ ಮಾರ್ಚ್ ಮೊದಲ ವಾರ ಮತ್ತು ಅಕ್ಟೋಬರ್ ಎರಡನೇ ವಾರದ ಆಸುಪಾಸಿನಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆ ದಿನಗಳಲ್ಲಿ, ಮಾರ್ಚ್ ಆದರೆ ಹನ್ನೆರಡೂವರೆ, ಅಕ್ಟೋಬರ್ ಆದರೆ ಹನ್ನೆರಡು ಗಂಟೆ ಹತ್ತು ನಿಮಿಷದ ಹೊತ್ತಿಗೆ ಬಿಸಿಲು ಗೋಡೆಗುಂಟ ನೇರ ಕೆಳಗೆ ಜಾರುತ್ತದೆ. ಆಗ ಹಿತ್ತಾಳೆ ಮೊಳೆಗಳನ್ನು ನೋಡಬೇಕು. ಒಂದೊಂದು ಮೊಳೆಯ ತುದಿ ಮಿನುಗುತ್ತದೆ, ಅದರ ಕೆಳಗೆ ಉದ್ದನೆಯ ನೆರಳು ಗೆರೆ ಎಳೆದಂತೆ ಇಳಿಯುತ್ತದೆ. ಮೇಲಿನ ಪಟ್ಟಿಯ ಅಕ್ಷರಗಳು ಎದ್ದು ನಿಲ್ಲುತ್ತವೆ. ಇದು ಕೆಲವೇ ನಿಮಿಷದ ಆಟ. ಬಿಸಿಲು ಸ್ವಲ್ಪ ಸರಿದರೆ ಅರ್ಧ ಬಾಗಿಲು ಉರಿಬೆಳಕು, ಇನ್ನರ್ಧ ಕತ್ತಲೆ. ಆದ್ದರಿಂದ ಯಾವ ಬಾಗಿಲು ಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡು, ಹತ್ತು ನಿಮಿಷ ಮುಂಚೆ ಹೋಗಿ ನಿಂತಿರಿ.

ಉಳಿದ ತಿಂಗಳುಗಳಲ್ಲಿ ಓಣಿಯ ತುದಿಯಿಂದ ಬೆಳಕು ಬರುವ ಬಾಗಿಲುಗಳನ್ನು ಹುಡುಕಿ. ಓಣಿ ಒಂದು ಚೌಕಕ್ಕೆ ತೆರೆದುಕೊಳ್ಳುವ ಜಾಗದಲ್ಲಿರುವ ಬಾಗಿಲಿಗೆ ಆ ಚೌಕದ ಕಡೆಯಿಂದ ತಂಪಾದ ಪಕ್ಕದ ಬೆಳಕು ಸಿಗುತ್ತದೆ. ಕೆತ್ತನೆಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಸಮುದ್ರದ ಕಡೆ ಮುಖ ಮಾಡಿದ ಕಟ್ಟಡಗಳಿಗೆ ಸಂಜೆ ಹೋಗಿ, ಪಟ್ಟಣ ಇರುವುದು ದ್ವೀಪದ ಪಶ್ಚಿಮ ದಂಡೆಯಲ್ಲಿ. ಅಲ್ಲಿನ ಓಲ್ಡ್ ಡಿಸ್ಪೆನ್ಸರಿಯನ್ನು ಬಿಡಬೇಡಿ. ಗುಜರಾತಿ ವ್ಯಾಪಾರಿ ಥಾರಿಯಾ ಟೋಪನ್ ದುಡ್ಡು ಕೊಟ್ಟು 1887ರಲ್ಲಿ ಶುರು ಮಾಡಿಸಿದ ಕಟ್ಟಡ. ಅದರ ಮರದ ಬಾಲ್ಕನಿಗಳ ಮೇಲೆ ಇಳಿಬಿಸಿಲು ಬಿದ್ದಾಗ ಕಸೂತಿ ಕೆಲಸವೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ.

ಮಾರ್ಚ್ ನಡುವಿನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ. ಮಳೆಗೆ ಹೆದರಬೇಕಿಲ್ಲ. ಮೋಡದ ಬೆಳಕಿನಲ್ಲಿ ಕೆತ್ತನೆ ಸ್ವಲ್ಪ ಮಂಕು, ಆದರೆ ನೆನೆದ ಮರದ ಬಣ್ಣ ತುಂಬಿ ಬರುತ್ತದೆ.

ಇನ್ನೊಂದು ಮಾತು. ಎ.ಸಿ. ಕೋಣೆಯಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಚೀಲದಲ್ಲೇ ಬಿಟ್ಟು ಕಾಲು ಗಂಟೆ ಕಾಯಿರಿ.

ನಿಲ್ಲುವ ಜಾಗ

ಬಾಗಿಲು ವಾಲಿದಂತೆ ಬರುವುದು ಮೊಬೈಲನ್ನು ಹಿಂದಕ್ಕೋ ಮುಂದಕ್ಕೋ ಬಗ್ಗಿಸಿ ಹಿಡಿದಾಗ. ಫೋನು ಬಾಗಿಲಿಗೆ ಸಮಾನಾಂತರವಾಗಿರಬೇಕು. ಎದೆಯ ಮಟ್ಟದಲ್ಲಿ ಹಿಡಿದು ಮೇಲಕ್ಕೆ ಓರೆ ಮಾಡಿದರೆ ಬಾಗಿಲ ತಲೆ ಸಣ್ಣದಾಗುತ್ತದೆ. ಬಾಗಿಲಿನ ಅರ್ಧ ಎತ್ತರ ಎಲ್ಲಿದೆಯೋ ಅಲ್ಲಿಗೆ ಫೋನನ್ನು ಎತ್ತಿ. ಹತ್ತು ಅಡಿ ಬಾಗಿಲಾದರೆ ಅದು ಐದು ಅಡಿ, ಹೆಚ್ಚುಕಮ್ಮಿ ನಿಮ್ಮ ಕಣ್ಣಿನ ಮಟ್ಟ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆ ಹಾಕಿಕೊಂಡು ಚೌಕಟ್ಟಿನ ಅಂಚನ್ನು ಅದಕ್ಕೆ ಹೊಂದಿಸಿ.

ಎಷ್ಟು ದೂರ ನಿಲ್ಲಬೇಕು? ಫೋನನ್ನು ಉದ್ದಕ್ಕೆ ಹಿಡಿದು ಸಾಮಾನ್ಯ 1ಎಕ್ಸ್ ಲೆನ್ಸ್ ಬಳಸಿದರೆ, ಬಾಗಿಲಿನ ಎತ್ತರದ ಮುಕ್ಕಾಲು ಪಾಲು ದೂರ ಸಾಕು. ಹತ್ತು ಅಡಿಗೆ ಏಳೂವರೆ ಅಡಿ. ಸುತ್ತ ಸ್ವಲ್ಪ ಗೋಡೆ ಬೇಕಾದರೆ ಇನ್ನೆರಡು ಹೆಜ್ಜೆ. ಆದರೆ ಕೆಲವು ಓಣಿಗಳಲ್ಲಿ ಅಷ್ಟೂ ಜಾಗ ಇರುವುದಿಲ್ಲ, ಬೆನ್ನು ಎದುರು ಗೋಡೆಗೆ ತಾಗುತ್ತದೆ. ಆಗ ಹೆಚ್ಚು ಅಗಲ ತೋರಿಸುವ 0.5 ಲೆನ್ಸ್‌ಗೆ ಹೋಗುವ ಮೊದಲು ಹಿಂದೆ ಸಂದಿ ಇದೆಯಾ ನೋಡಿ. ಏನೂ ಇಲ್ಲದಿದ್ದರೆ 0.5 ಬಳಸಿ, ಆದರೆ ಫೋನು ಎಳ್ಳಷ್ಟೂ ಬಾಗಬಾರದು, ನಾಲ್ಕೂ ಕಡೆ ಧಾರಾಳ ಜಾಗ ಬಿಡಬೇಕು. ಆಮೇಲೆ ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ನಲ್ಲಿ ಗೆರೆ ನೇರ ಮಾಡುವಾಗ ಅಂಚು ಕತ್ತರಿಸಿ ಹೋಗುತ್ತದೆ, ಆ ಜಾಗ ಅದಕ್ಕೆ.

ಇಡೀ ಬಾಗಿಲೇ ಬರಬೇಕೆಂಬ ಹಟ ಯಾಕೆ? ನನಗೆ ಇಷ್ಟವಾಗುವುದು ಅರ್ಧ ಬಾಗಿಲಿನ ಫೋಟೊಗಳೇ. ಒಂದು ಕದ, ನಡುವಿನ ಕಂಬ, ಕೆಳಗಿನ ಹೊಸಿಲು, ಪಕ್ಕದ ಕಲ್ಲಿನ ಜಗಲಿ. ಈ ಜಗಲಿಗೆ ಅಲ್ಲಿ ಬರಾಜಾ ಎನ್ನುತ್ತಾರೆ. ಸಂಜೆ ಹೊತ್ತು ಗಂಡಸರು ಅಲ್ಲೇ ಕೂತು ಕಾಫಿ ಕುಡಿಯುತ್ತ ಹರಟೆ ಹೊಡೆಯುತ್ತಾರೆ.

ಕಪ್ಪು ಮರ, ಬಿಳಿ ಗೋಡೆ

ಸುಣ್ಣದ ಗೋಡೆ ಜಾಸ್ತಿ ಬಂದರೆ ಕ್ಯಾಮೆರಾ ಮರವನ್ನು ಕಪ್ಪು ಮಾಡುತ್ತದೆ. ಮರವೇ ತುಂಬಿದರೆ ಅದನ್ನು ಬೇಕಿಲ್ಲದಷ್ಟು ಬೆಳಗಿಸಿ, ಹಿತ್ತಾಳೆಯನ್ನು ಬಿಳಿ ಚುಕ್ಕಿ ಮಾಡಿಬಿಡುತ್ತದೆ. ಪರದೆಯ ಮೇಲೆ ಮರದ ಭಾಗ ಒತ್ತಿ ಹಿಡಿಯಿರಿ. ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ಹಿತ್ತಾಳೆಯ ಹಳದಿ ಮತ್ತೆ ಕಾಣುವವರೆಗೆ ಅದನ್ನು ಕೆಳಕ್ಕೆ ಎಳೆಯಿರಿ. ಅಷ್ಟೇ.

ಕೇಳಿ ತೆಗೆಯಿರಿ

ಬಾಗಿಲಿನ ಹಿಂದೆ ಜನ ಬದುಕುತ್ತಿದ್ದಾರೆ. ನಮ್ಮ ಮನೆ ಮುಂದೆ ಗೊತ್ತಿಲ್ಲದವರು ನಿಂತು ಫೋನು ಎತ್ತಿದರೆ ನಾವೂ ಕೇಳುತ್ತೇವೆ, ಅಲ್ವಾ? ಮುಚ್ಚಿದ ಬಾಗಿಲನ್ನು ಬೀದಿಯಲ್ಲಿ ನಿಂತು ತೆಗೆಯುವುದಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ಜಗಲಿಯ ಮೇಲೆ ಯಾರಾದರೂ ಕೂತಿದ್ದರೆ ಮಾತ್ರ ಮೊದಲು ಮಾತಾಡಿಸಿ. ಹಿರಿಯರಿಗೆ ‘ಶಿಕಮೋ’ ಎಂದರೆ ನಮಸ್ಕಾರ ಹೇಳಿದಂತೆ, ಅವರು ‘ಮರಹಬಾ’ ಎನ್ನುತ್ತಾರೆ. ಆಮೇಲೆ ಕ್ಯಾಮೆರಾ ತೋರಿಸಿ ‘ನಾಓಂಬಾ ಕುಪೀಗಾ ಪೀಚಾ’ ಎನ್ನಿ, ಫೋಟೊ ತೆಗೆಯಲು ಅಪ್ಪಣೆ ಕೇಳುವ ಮಾತು. ‘ಸಾವಾ’ ಎಂದರೆ ಸರಿ, ‘ಹಪಾನಾ’ ಎಂದರೆ ಬೇಡ. ಬೇಡ ಎಂದ ಮೇಲೆ ದೂರ ಹೋಗಿ ಜೂಮ್ ಮಾಡಿ ತೆಗೆಯುವುದು ಸಣ್ಣತನ, ಅದನ್ನು ಮಾಡಲೇಬೇಡಿ.

ಬಾಗಿಲು ತೆರೆದಿದ್ದರೆ ಒಳಗಿನದನ್ನು ತೆಗೆಯಬೇಡಿ. ಅಲ್ಲಿನವರು ಬಹುಪಾಲು ಮುಸ್ಲಿಮರು, ಮನೆಯೊಳಗಿನ ಮರೆಯನ್ನು ಬಹಳ ಕಾಪಾಡುತ್ತಾರೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಸೀದಿಯ ಬಾಗಿಲ ಹತ್ತಿರ ನಿಲ್ಲಬೇಡಿ. ಮಕ್ಕಳ ಮುಖ ಬರುವುದಾದರೆ ಮನೆಯವರನ್ನು ಕೇಳಿ. ಬಂದರು, ಪೊಲೀಸ್, ಸೇನೆಯ ಕಟ್ಟಡಗಳ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ.

ಅಂಗಡಿಯ ಮುಂಗಟ್ಟು

ಬಾಗಿಲಿಗೂ ಅಂಗಡಿಗೂ ಫೋಟೊದ ಲೆಕ್ಕ ಬೇರೆ. ಬಾಗಿಲಲ್ಲಿ ಕೆತ್ತನೆ ಮುಖ್ಯ, ಅಂಗಡಿಯಲ್ಲಿ ಬಣ್ಣ ಮತ್ತು ವ್ಯಾಪಾರ ಮುಖ್ಯ. ಹಾಗಾಗಿ ಅಂಗಡಿಗೆ ನೇರ ಬಿಸಿಲು ಬೇಡ, ನೆರಳಿನ ಸಮ ಬೆಳಕು ಸಾಕು.

ಸ್ಟೋನ್ ಟೌನ್‌ನಲ್ಲಿ ಭಾರತೀಯ ವ್ಯಾಪಾರಿಗಳು ಕಟ್ಟಿಸಿದ ಮನೆಗಳಿಗೆ ಕೆಳಗೆ ಅಂಗಡಿ, ಮೇಲೆ ವಾಸ. ಅಂಗಡಿಗೆ ಮಡಚುವ ಮರದ ಬಾಗಿಲುಗಳು. ಒಂದೇ ಅಂಗಡಿಯನ್ನು ಎರಡು ಸಲ ತೆಗೆಯಿರಿ. ಬೆಳಿಗ್ಗೆ ಬೇಗ ಹೋದರೆ ಬಾಗಿಲು ಹಾಕಿರುತ್ತದೆ, ಮರದ ಹಲಗೆ, ಸರಪಳಿ, ಬೀಗ ಎಲ್ಲ ಸಿಗುತ್ತದೆ. ಅಂಗಡಿ ತೆರೆದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು. ಆಗ ಬಾಗಿಲ ತುಂಬ ಅಲ್ಲಿನ ಹೆಂಗಸರು ಉಡುವ ಬಣ್ಣಬಣ್ಣದ ಕಾಂಗಾ ಬಟ್ಟೆಗಳು ತೂಗುತ್ತಿರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ದಿನದ ಬದುಕೇ ಕಾಣುತ್ತದೆ. ನಿಂತ ಜಾಗ ಮರೆಯದಂತೆ ನೆಲದ ಮೇಲಿನ ಒಂದು ಕಲ್ಲನ್ನು ಗುರುತು ಮಾಡಿಕೊಳ್ಳಿ.

ಅಂಗಡಿಯ ಬೋರ್ಡು ಪೂರ್ತಿ ಬರಲಿ, ಒಂದಕ್ಷರವೂ ತುಂಡಾಗಬಾರದು. ಮೊದಲು ಏನಾದರೂ ಕೊಳ್ಳಿ, ಒಂದಿಷ್ಟು ಲವಂಗವಾದರೂ ಸರಿ. ಮಾತು ಅಲ್ಲಿಂದ ಶುರುವಾಗುತ್ತದೆ. ಅಂಗಡಿಯವರು ಎದ್ದು ನೆಟ್ಟಗೆ ನಿಂತರೆ ಅದನ್ನೂ ತೆಗೆಯಿರಿ, ಅವರಿಗೆ ತೋರಿಸಿ. ಆಮೇಲೆ ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ, ಒಳ್ಳೆಯ ಫೋಟೊ ಸಿಗುವುದು ಆಗ.

ಸೂರ್ಯ ಮುಳುಗಿದ ಮೇಲೆ ಅಂಗಡಿಯ ದೀಪ ಹತ್ತಿ, ಆಕಾಶ ಇನ್ನೂ ನೀಲಿ ಇರುವ ಹೊತ್ತು ಬಹಳ ಚೆಂದ. ಭೂಮಧ್ಯರೇಖೆ ಹತ್ತಿರ ಇರುವುದರಿಂದ ಕತ್ತಲು ಬೇಗ ಕವಿಯುತ್ತದೆ. ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಒಂದು ಸಂಜೆಗೆ ಒಂದೇ ಅಂಗಡಿ ಸಾಕು.

ತೆಗೆದ ಮೇಲೆ

ಅವತ್ತಿನ ಫೋಟೊಗಳಿಗೆ ಅವತ್ತೇ ಓಣಿಯ ಹೆಸರು ಬರೆದಿಡಿ. ಹುರುಮ್ಜಿ, ಗಿಜೆಂಗಾ ಎಂದು ಒಂದು ಪದ ಸಾಕು. ಬಾಗಿಲುಗಳು ಬೇಗ ಒಂದರೊಳಗೊಂದು ಬೆರೆತುಹೋಗುತ್ತವೆ. ಬಣ್ಣ ಹೆಚ್ಚಿಸುವ ಆಸೆ ಬಿಡಿ. ಸಮುದ್ರದ ಗಾಳಿಗೆ ಬೂದು ತಿರುಗಿದ ತೇಗಕ್ಕೆ ಕೆಂಪು ತುಂಬಿದರೆ ಅದು ನಿನ್ನೆ ಪಾಲಿಶ್ ಮಾಡಿದ ಸೋಫಾದಂತೆ ಕಾಣುತ್ತದೆ. ಯಾರದೋ ವಾಸದ ಮನೆಯ ಫೋಟೊವನ್ನು ಹಂಚುವಾಗ ಲೊಕೇಶನ್ ತೆಗೆದುಹಾಕಿ, ಊರಿನ ಹೆಸರಷ್ಟೇ ಇರಲಿ.

ಹಾಳಾಗುತ್ತಿರುವ ಬಾಗಿಲುಗಳನ್ನೂ ತೆಗೆಯಿರಿ. ಚೆಂದದವನ್ನು ಎಲ್ಲರೂ ತೆಗೆಯುತ್ತಾರೆ. 1883ರಲ್ಲಿ ಸುಲ್ತಾನ್ ಬರ್ಗಶ್ ಕಟ್ಟಿಸಿದ ಹೌಸ್ ಆಫ್ ವಂಡರ್ಸ್ ಅರಮನೆಯ ಒಂದು ಭಾಗ 2020ರ ಡಿಸೆಂಬರ್‌ನಲ್ಲಿ ಕುಸಿದುಬಿತ್ತು. ಅಂಥ ದೊಡ್ಡ ಕಟ್ಟಡಕ್ಕೇ ಹೀಗಾದರೆ ಓಣಿಯ ಮನೆಗಳ ಗತಿ ಏನು? ಕದ ಕಳಚಿದ ಚೌಕಟ್ಟು, ಅರ್ಧ ಉದುರಿದ ಮೊಳೆಗಳು, ಗೆದ್ದಲು ತಿಂದ ಹೊಸಿಲು ಕಂಡರೆ ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು, ಮೇಲಿನ ಪಟ್ಟಿಯ ಅಕ್ಷರಗಳು ಓದಲು ಬರುವಂತೆ ಹತ್ತಿರದಿಂದ ಇನ್ನೊಂದು ತೆಗೆದು, ಮೂಲ ಸೈಜಿನಲ್ಲೇ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸೈಜು ಕುಗ್ಗಿ ಕೊರೆತದ ವಿವರ ಹೋಗಿಬಿಡುತ್ತದೆ. ಯಾರಿಗಾದರೂ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.