ಒಂದು ಮನೆಗೆ ಒಂದು ಅಕ್ಷರ: ಕನ್ನಡದಲ್ಲೇ ಗುಟ್ಟಿನ ಸಂದೇಶ ಕಳಿಸಿದ ಅನುಭವ

ಸಂದೇಶದ ಅಕ್ಷರಗಳನ್ನು ಚೌಕದ ಮನೆಗಳಲ್ಲಿ (ಗ್ರಿಡ್) ಸಾಲಾಗಿ ತುಂಬಿ, ಕಾಲಮ್‌ಗಳನ್ನು ಗುಟ್ಟಿನ ಕ್ರಮದಲ್ಲಿ ಮೇಲಿಂದ ಕೆಳಗೆ ಓದಿ ಕಲಸುವ ಪ್ರೋಗ್ರಾಂ ಬರೆಯೋಕೆ ಹೊರಟಿದ್ದೆ. 'ಕನ್ನಡ ಗ್ರಿಡ್‌ನಲ್ಲಿ ಕೂರಲ್ಲ, ಇಂಗ್ಲಿಷ್ ಲಿಪಿಯಲ್ಲಿ ಬರೆದು ಕಲಸು' ಅಂತ ಗೆಳೆಯರೆಲ್ಲ ಹೇಳಿದ್ದರು. ಕೂರುತ್ತೆ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಈಗ ಮಹಾರಾಷ್ಟ್ರದ ತಾಸಗಾಂವ್ ಮಾರುಕಟ್ಟೆಯಿಂದ ಅಂಗಡಿಗೆ ರೇಟು ಕಳಿಸುವುದು ಹೀಗೇ. "ಅಂಗಡಿ ಫೋನ್ ಹತ್ತು ಮಂದಿ ನೋಡ್ತಾರ್ರಿ ಸರ, ರೇಟ್ ಗೊತ್ತಾಗಬಾರದು" ಅಂದಿದ್ದರು. ಅಷ್ಟಕ್ಕೆ ಇದು ಸಾಕು. ಬ್ಯಾಂಕ್ ಪಾಸ್‌ವರ್ಡ್‌ಗೆಲ್ಲ ಬೇಡ.

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ವಾಕ್ಯ ಹಾಗೇ ಕೊಟ್ಟರೆ ಅದು ಯೂನಿಕೋಡ್ ಚಿಹ್ನೆ (ಮೂಲಾಕ್ಷರ, ಗುಣಿತ, ಅರ್ಧಾಕ್ಷರದ ಗುರುತು ಬೇರೆ ಬೇರೆ) ಎಣಿಸುತ್ತೆ. 'ಮಾಲು ತಡೆದು ನಿಲ್ಲಿಸಿ' ನಮಗೆ 8 ಅಕ್ಷರ, ಅದಕ್ಕೆ ಸ್ಪೇಸ್ ಬಿಟ್ಟು 17. ಕಲಸಿದರೆ ಗುಣಿತದ ಚಿಹ್ನೆಗಳು ಚುಕ್ಕೆ ವೃತ್ತ ಹಿಡಿದು ಒಂಟಿ ನಿಲ್ಲುತ್ತವೆ. ಹಾಗಾಗಿ ಒತ್ತು, ಗುಣಿತ, ಸೊನ್ನೆ ಸಮೇತ ಇಡೀ ಅಕ್ಷರ ಹಿಡಿಯುವ ರೆಜೆಕ್ಸ್ (ಅಕ್ಷರದ ಮಾದರಿ ಹುಡುಕುವ ಸೂತ್ರ) ಬರೆದೆ. 4 ಕಾಲಮ್, 2 ಸಾಲು, 3-1-4-2 ಕ್ರಮದಲ್ಲಿ ಓದಿದರೆ 'ತಲ್ಲಿಮಾದುಡೆಸಿಲುನಿ'. ನೋಡೋಕೆ ಕನ್ನಡವೇ, ಅಲ್ವಾ?

ಜಾಸ್ತಿ ಕಾಡಿದ್ದು ಬಿಡಿಸುವಾಗ. 'ಲಾಟ್' ಅಂತ ಬಂದರೆ ಕೊನೆಯ 'ಟ್' ಕಲಸಿದ ಮೇಲೆ 'ರ' ಪಕ್ಕ ಕೂತು 'ಟ್ರ' ಆಗುತ್ತೆ. ಎರಡು ಮನೆ ಒಂದಾಗಿ, ಹಿಂದಿನದೆಲ್ಲ ಸರಿಯುತ್ತೆ. ಎರಡು ವಾರ ಇದರಲ್ಲೇ ಹೋಯಿತು. ಕೊನೆಗೆ ಅರ್ಧಾಕ್ಷರದ ನಂತರ ಎಲ್ಲ ಕಡೆ, ಅಕ್ಷರ ಬೆಸೆಯದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್-ಜಾಯ್ನರ್ ಸೇರಿಸಿದೆ. ಆಮೇಲೆ ಒಂದೂ ಸಂದೇಶ ಕೆಟ್ಟಿಲ್ಲ.

ನಡುವೆ ಒಂದು ಹುಚ್ಚು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ 64 ಮನೆಗಳಲ್ಲೂ ಕುದುರೆ ನಡೆಸುವ ದಾರಿಗಳನ್ನು ಕಟ್ಟಿದ್ದರಲ್ಲ, ಅದೇ ನಡೆಯಲ್ಲಿ 8×8 ಗ್ರಿಡ್ ಓದಿಸಿದೆ. ಸೊಗಸಾಗಿ ಬಂತು. ಆದರೆ ಇಪ್ಪತ್ತು ಅಕ್ಷರದ ಮಾತಿಗೆ ಉಳಿದ ಮನೆಗಳನ್ನೆಲ್ಲ ಸುಮ್ನೆ ತುಂಬಬೇಕು. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70 ಚಿಹ್ನೆ ಅಷ್ಟೇ, ಇಂಗ್ಲಿಷಿನ ಹಾಗೆ 160 ಅಲ್ಲ. ಒಂದರ ಜಾಗದಲ್ಲಿ ಎರಡು ಎಸ್‌ಎಂಎಸ್ ದುಡ್ಡು. ಸಾಹುಕಾರರು ಒಪ್ಪಲಿಲ್ಲ. ನೆಟ್ ಸರಿಯಿಲ್ಲದ ಕಡೆ ಎಸ್‌ಎಂಎಸ್ಸೇ ಗತಿ, ಹಾಗಾಗಿ ಮತ್ತೆ ಕಾಲಮ್‌ಗೇ ಬಂದೆ.

ಬೇರೆಯವರು ಆ್ಯಪ್‌ಗೆ ನಲವತ್ತು ಸಾವಿರದ ಹತ್ತಿರ ಹೇಳಿದ್ದರಂತೆ. ನಾನು ತಗೊಂಡದ್ದು ಎಂಟು ಸಾವಿರ, ಮೇಲೆ ಐದು ಕಿಲೋ ಒಣದ್ರಾಕ್ಷಿ. ಕಾಲಮ್ ಕ್ರಮ ದಿನಾ ಬದಲಾಗುತ್ತೆ, ಅದನ್ನು ಯಾರೂ ಯಾರಿಗೂ ಕಳಿಸುವುದಿಲ್ಲ. ಹೇಗೆ ಅಂತ ಮಾತ್ರ ಕೇಳಬೇಡಿ, ನನ್ನ ಸಂಪಾದನೆ ಅದರಲ್ಲೇ ಇದೆ.

ಈಗ ಗುಳೇದಗುಡ್ಡದ ಖಣದ ವ್ಯಾಪಾರಿಯೊಬ್ಬರು ಕೇಳುತ್ತಿದ್ದಾರೆ. ಅವರಿಗೆ ರೇಟು ಅಂಕಿಯಲ್ಲೇ ಬೇಕಂತೆ. 180 ಅಂತ ಬರೆದರೆ ಎಷ್ಟು ಕಲಸಿದರೂ 1, 8, 0 ಮೂರೂ ಕಣ್ಣೆದುರೇ ಇರುತ್ತವೆ, ದರ ಬಲ್ಲವರು ಜೋಡಿಸಿಬಿಡುತ್ತಾರೆ. 'ನೂರಾ ಎಂಬತ್ತು' ಅಂತ ಬರೆಯುವುದಾದರೆ ಮಾಡಿಕೊಡುತ್ತೇನೆ ಅಂದಿದ್ದೇನೆ.