ಶಹಾಪುರದ ಬೆಟ್ಟಕ್ಕೆ ಚೀನೀ ಕೆಂಪು ಹಚ್ಚುವ ಮೊದಲು

ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಚೀನೀ ಶೈಲಿಯಲ್ಲಿ ಬರೆಯಲು ಕೂತವರ ಕೈ ಮೊದಲು ಕೆಂಪಿಗೇ ಹೋಗುತ್ತದೆ. ಎಡವುವುದೂ ಅಲ್ಲೇ. ನಮಗೆ ಕೆಂಪು ಬೆಟ್ಟ ಅಂದರೆ ಸಂಜೆ. 1949ರ ನಂತರದ ಚೀನೀ ಚಿತ್ರಗಳಲ್ಲಿ ಅದು ಕಮ್ಯುನಿಸ್ಟ್ ಕ್ರಾಂತಿಯ ಬಣ್ಣ. ಚಿತ್ರಕಾರ ಲಿ ಕೆರಾನ್ 1962ರಿಂದ 1964ರೊಳಗೆ ಬರೆದ ಕೆಂಪು ಬೆಟ್ಟಗಳ ಏಳು ಚಿತ್ರಗಳು ಹುಟ್ಟಿದ್ದು ಮಾವೋನ 1925ರ ಕವಿತೆಯ ಸಾಲಿನಿಂದ. 1959ರಲ್ಲಿ ಫು ಬಾವೋಶಿ, ಗುವಾನ್ ಶಾನ್ಯುವೆ ಬೀಜಿಂಗಿನ ಜನತಾ ಮಹಾಭವನಕ್ಕೆ ಬರೆದ ಚಿತ್ರದ ಕೆಂಪು ಸೂರ್ಯನೂ ಬರೀ ಹೊತ್ತು ತೋರಿಸುವ ಸೂರ್ಯನಲ್ಲ. ಸಂಜೆಯಷ್ಟೇ ಬೇಕಿದ್ದರೆ ಕಾವಿಯ ತೆಳು ಲೇಪ ಸಾಕು.

ಮೊದಲು ಮಸಿ. ತಿಳಿ, ನಡುವಿನದು, ಗಟ್ಟಿ ಎಂದು ಮೂರು ಬಟ್ಟಲು ಮಾಡಿಕೊಂಡು ಬಂಡೆ, ಬಿರುಕು, ನೆರಳನ್ನೆಲ್ಲ ಮಸಿಯಲ್ಲೇ ಮುಗಿಸಿ. ಮಸಿ ಸೋತ ಚಿತ್ರವನ್ನು ಬಣ್ಣ ಎತ್ತಿ ನಿಲ್ಲಿಸುವುದಿಲ್ಲ. ಏಪ್ರಿಲ್‌ನ ಕಲಬುರಗಿ ಬಿಸಿಲಿಗೆ ಲೇಪ ಅರ್ಧಕ್ಕೇ ಒಣಗಿ ಅಂಚಿನಲ್ಲಿ ಗೆರೆ ಕಟ್ಟುತ್ತದೆ. ಬೆಳಿಗ್ಗೆ ಎಂಟರೊಳಗೆ, ಫ್ಯಾನ್ ಆರಿಸಿ, ಕಾಗದದ ಕೆಳಗೆ ಕಂಬಳಿ ಹಾಸಿ ಕೆಲಸ ಮಾಡಿ.

ಇನ್ನು ಬಣ್ಣ. ಚೀನೀ ಕೆಂಪಿನ ಸಾಂಪ್ರದಾಯಿಕ ಮೂಲ ಇಂಗಳೀಕ. ಅದು ಪಾದರಸ, ಗಂಧಕ ಸೇರಿದ ವಿಷದ ಖನಿಜ. ಮನೆಯಲ್ಲಿ ಅರೆಯಬೇಡಿ, ಕಾಯಿಸಬೇಡಿ, ಕುಂಚದ ತುದಿಯನ್ನು ತುಟಿಗೆ ತಾಗಿಸಬೇಡಿ. ಕಲಿಯುವವರಿಗೆ ಟ್ಯೂಬಿನ ಕೆಂಪೇ ಲೇಸು. ಪುಡಿಬಣ್ಣ ಬಳಸುವುದಾದರೆ ಸರೇಸಿನ, ಅಂದರೆ ಚರ್ಮದ ಅಂಟಿನ, ತಿಳಿ ದ್ರಾವಣದಲ್ಲಿ ಕಲಸಿ. ಸರೇಸು ಕಡಿಮೆಯಾದರೆ ಬಣ್ಣ ಬೆರಳಿಗೆ ಹತ್ತುತ್ತದೆ, ಹೆಚ್ಚಾದರೆ ಚಿತ್ರ ಸುತ್ತಿಟ್ಟಾಗ ಬಿರಿಯುತ್ತದೆ. ಒಂದೇ ದಪ್ಪ ಪದರದ ಬದಲು ಮೂರು ತೆಳು ಪದರ, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆ. ಕಾಗದಕ್ಕೆ ಪಟಕ, ಸರೇಸಿನ ಲೇಪ ಮೊದಲೇ ಇರಬೇಕು, ಇಲ್ಲದಿದ್ದರೆ ಬಣ್ಣ ಹೀರಿಕೊಂಡು ಮಂಕಾಗುತ್ತದೆ.

ಹಸಿರು-ನೀಲಿ ಹಳೆಯ ದಾರಿ. 1113ರಲ್ಲಿ ವಾಂಗ್ ಶಿಮೆಂಗ್ ಬರೆದ ಉದ್ದನೆಯ ಸುರುಳಿಯ ಬೆಟ್ಟಗಳು ಆ ಬಣ್ಣದವು. ಅಮರರ ಲೋಕದ, ವೈಭವದ ಬಣ್ಣ ಅದು. ಇಪ್ಪತ್ತನೆಯ ಶತಮಾನದಲ್ಲಿ ಜಾಂಗ್ ದಾಚಿಯಾನ್ ಅದನ್ನೇ ಮಸಿಯ ಮೇಲೆ ಸುರಿದು ಹರಿಯಬಿಟ್ಟ. ಖನಿಜ ಹಸಿರಿನ ಕೆಳಗೆ ಕಾವಿಯ ತೆಳು ಲೇಪ ಕೊಡಿ, ಹಸಿರು ಬೆಚ್ಚಗಾಗುತ್ತದೆ.

ಬಿಳಿ ಚೀನಾದಲ್ಲಿ ಶೋಕದ ಬಣ್ಣ ನಿಜ, ಆದರೆ ಚಿತ್ರದ ಖಾಲಿ ಕಾಗದ ಶೋಕವಲ್ಲ, ಮಂಜು, ನೀರು. ಬಿಳಿ ಬಣ್ಣ ಹಚ್ಚದೆ ಜಾಗ ಬಿಡಿ. ಬಿದರಿಯ ಬೆಳ್ಳಿ ಹೊಳೆಯುವುದು ಮೈ ಕಪ್ಪಾದ್ದರಿಂದ, ಲಿ ಕೆರಾನ್‌ನ ಕೆಂಪು ಬೆಟ್ಟದೊಳಗಿನ ಬಿಳಿ ಜಲಪಾತವೂ ಹಾಗೆಯೇ, ಸುತ್ತಲಿನ ಮಸಿಯಿಂದ.

ಕೊನೆಗೆ ಚಿತ್ರಕಾರನ ಹೆಸರಿನ ಮುದ್ರೆ. ಅದೂ ಕೆಂಪೇ. ಕೆಂಪು ಬೆಟ್ಟದ ಪಕ್ಕ ಒತ್ತಿದರೆ ಕರಗಿಹೋಗುತ್ತದೆ, ಖಾಲಿ ಬಿಟ್ಟ ಮೂಲೆಯಲ್ಲಿ ಒತ್ತಿ.